ಚಂದ್ರಿಯ ಹಾಲಿನ ಡಿಗ್ರಿ

ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರು, ಟೀಚರುಗಳು ಕೆಲವರು ಈಗಲೂ ಹೊಸಕೋಟೆಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಮುಗಿಯುವ ಮೊದಲೇ, "ಮೇಡಂ, ಮಕ್ಕಳ ಕೈಲಿ ಆನ್‌ಲೈನ್ ಪ್ರಾಜೆಕ್ಟ್ ಮಾಡಿಸಬೇಕಂತೆ, ಒಂದು ಮಾದರಿ ಕೊಡಿ" ಅನ್ನುತ್ತಾರೆ. ಮಾದರಿ ಕೊಡುವುದೇನು ಮಹಾ? ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ರಾಶಿ ಬಿದ್ದಿವೆ. ಆದರೆ ಅದನ್ನು ಹಾಗೇ ಎತ್ತಿಕೊಟ್ಟರೆ ನಾನು ಅವರಿಗೆ ಮೋಸ ಮಾಡಿದ ಹಾಗೆ. ಮಾದರಿಯಲ್ಲಿ ಪ್ರಶ್ನೆ ಇರುತ್ತದೆ, ಲಿಂಕ್ ಇರುತ್ತದೆ, ಅಂಕ ಕೊಡುವ ಕ್ರಮ ಇರುತ್ತದೆ. ರತ್ನಮ್ಮ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೊನೆಯ ಕೆಲವು ವರ್ಷ ವಿಜ್ಞಾನ ಪಾಠ ಮಾಡಿದ್ದು ಸಮೇತನಹಳ್ಳಿಯಿಂದ ಇನ್ನೂ ಒಳಕ್ಕೆ ಇರುವ ಒಂದು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ. ಊರಿನ ಹೆಸರು ಬೇಡ, ಅಲ್ಲಿ ಎಲ್ಲರೂ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಜಗಳಕ್ಕೆ ಬಂದಾರು. ಅರ್ಧ ಊರು ಹೆದ್ದಾರಿ ಪಕ್ಕದ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುತ್ತಿತ್ತು, ಉಳಿದರ್ಧ ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿತ್ತು. ಮನೆಗೊಂದು ಸ್ಮಾರ್ಟ್‌ಫೋನು, ಅದೂ ಅಪ್ಪನ ಜೇಬಿನಲ್ಲಿ ಶಿಫ್ಟಿಗೆ ಹೋಗುತ್ತಿತ್ತು. ಶಾಲೆಯಲ್ಲಿ ಯಾವುದೋ ಕಂಪನಿ ಕೊಟ್ಟ ಕಂಪ್ಯೂಟರುಗಳಿದ್ದವು. ಮಳೆ ಮೋಡ ಕಂಡರೆ ಸಾಕು, ಇಂಟರ್‌ನೆಟ್ ಮಲಗಿಬಿಡುತ್ತಿತ್ತು.

ಮೊದಲ ಸಲ ನಾನು ಮಾಡಿಸಿದ ಪ್ರಾಜೆಕ್ಟು "ನಮ್ಮ ಜಿಲ್ಲೆಯ ಕೆರೆಗಳು". ಇಂಟರ್‌ನೆಟ್‌ನಲ್ಲಿ ಹುಡುಕಿ ಬರೆಯಿರಿ ಅಂದಿದ್ದೆ. ಇಡೀ ತರಗತಿ ಒಂದೇ ಪ್ಯಾರಾ ಬರೆದು ತಂದಿತು. ಒಬ್ಬ ಮಹಾನುಭಾವ ಕೊನೆಯ ಸಾಲಿನಲ್ಲಿ "ಹೆಚ್ಚಿನ ಮಾಹಿತಿಗಾಗಿ ಇಲ್ಲಿ ಒತ್ತಿ" ಎಂದು ದುಂಡಗೆ ಬರೆದು, ಅದರ ಕೆಳಗೆ ಸ್ಕೇಲಿಟ್ಟು ಗೆರೆಯನ್ನೂ ಎಳೆದಿದ್ದ. ನಾನು ಒತ್ತಿ ನೋಡಿದೆ, ಏನೂ ತೆರೆಯಲಿಲ್ಲ ಅಂದೆ. ಅವನಿಗೆ ಅರ್ಥವಾಗಲಿಲ್ಲ, ಪಾಪ. ಇಂಟರ್‌ನೆಟ್‌ನಲ್ಲಿ ಸಿದ್ಧ ಉತ್ತರ ಸಿಗುವ ಪ್ರಶ್ನೆಯನ್ನು ಕೇಳಬಾರದು ಎಂಬುದನ್ನು ನಾನು ಕಲಿತದ್ದು ಆ ದಿನ.

ಹಾಗಾಗಿ ಮುಂದಿನ ವರ್ಷ ಒಂಬತ್ತನೇ ತರಗತಿಗೆ ಬೇರೆ ಪ್ರಶ್ನೆ ಹಾಕಿದೆ: "ನಮ್ಮೂರ ಹಸುಗಳ ಹಾಲು ಎಷ್ಟು ಗಟ್ಟಿ? ಒಂದರಂತೆ ಇನ್ನೊಂದು ಇಲ್ಲದಿರುವುದಕ್ಕೆ ಕಾರಣವೇನು?" ಇದಕ್ಕೊಂದು ವೆಬ್ ಪುಟ ಮಾಡಿದೆ. ಓದಲು ಕೆಲವೇ ಕೆಲವು ಲಿಂಕುಗಳು. ಎಲ್ಲರೂ ಅಂಕಿ ತುಂಬಲು ಆನ್‌ಲೈನಿನಲ್ಲಿ ಒಂದು ಹಂಚಿಕೆಯ ಪಟ್ಟಿ. ಮಕ್ಕಳಿಗೆ ಪಾತ್ರಗಳನ್ನು ಹಂಚಿದೆ. ಅಳೆಯುವವರು, ಬರೆಯುವವರು, ಹುಡುಕುವವರು, ಮತ್ತೆ ಅನುಮಾನ ಪಡುವವನು. ಈ ಕೊನೆಯವನ ಕೆಲಸ ಬರೀ ಅನುಮಾನ ಪಡುವುದು. ಯಾರೇ ಏನೇ ಬರೆದರೂ "ಯಾಕೆ? ಹೇಗೆ ಗೊತ್ತು?" ಎಂದು ಕೇಳುವುದು. ಮುನಿರಾಜು ಎಂಬ ಹುಡುಗ, ಮನೆಯಲ್ಲೂ ಅದಕ್ಕೇ ಏಟು ತಿನ್ನುತ್ತಿದ್ದವನು, ಕೈ ಎತ್ತಿ ಆ ಪಾತ್ರ ತೆಗೆದುಕೊಂಡ.

ಅಳೆಯುವ ಕೆಲಸ ಚೈತ್ರಳದು. ಮಾತು ಕಡಿಮೆ, ಕೈ ಅಚ್ಚುಕಟ್ಟು. ಶಾಲೆಯಲ್ಲಿದ್ದದ್ದು ಒಂದೇ ಲ್ಯಾಕ್ಟೋಮೀಟರ್, ಅಂದರೆ ಹಾಲಿನಲ್ಲಿ ತೇಲಿಬಿಡುವ ಗಾಜಿನ ಕಡ್ಡಿ. ಹಾಲು ಗಟ್ಟಿಯಿದ್ದರೆ ಅದು ಮೇಲೆ ತೇಲುತ್ತದೆ, ನೀರು ಬೆರೆತಿದ್ದರೆ ಮುಳುಗುತ್ತದೆ. ಅದರ ಮೇಲಿನ ಅಂಕಿಯನ್ನು ಡೈರಿಯವರು "ಡಿಗ್ರಿ" ಅನ್ನುತ್ತಾರೆ. ಡಿಗ್ರಿ ಇಳಿದಷ್ಟೂ ಹಾಲು ತೆಳು. ಚೈತ್ರ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದು, ಸಂಜೆ ಹಾಲು ಕರೆಯುವ ಹೊತ್ತಿಗೆ ಮೊದಲು ತಮ್ಮ ಹಸುವಿನ ಹಾಲು ಅಳೆದು, ಆಮೇಲೆ ಗೆಳತಿಯರ ಜೊತೆ ಮನೆ ಮನೆಗೆ ಹೋಗುತ್ತಿದ್ದಳು.

ಪಟ್ಟಿಯಲ್ಲಿ ಯಾರ ಹೆಸರನ್ನೂ ಬರೆಯಕೂಡದು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದ್ದೆ. ಮಕ್ಕಳು ನನ್ನ ಮಾತನ್ನು ಶಿರಸಾವಹಿಸಿ ಪಾಲಿಸಿದರು. ಮನುಷ್ಯರ ಹೆಸರು ಒಂದೂ ಇಲ್ಲ. ಎಲ್ಲಾ ಹಸುಗಳ ಹೆಸರು! ಗಂಗೆ, ರಾಣಿ, ಕೆಂಪಿ, ಚಂದ್ರಿ. ನಾನು ಹೊಸಕೋಟೆಯಿಂದ ಬಸ್ಸಿನಲ್ಲಿ ಬಂದು ಹೋಗುವವಳು, ನನಗೆ ಅದು ಮುದ್ದಾಗಿ ಕಂಡಿತು. ಆ ಊರಿನಲ್ಲಿ ಯಾವ ಹಸು ಯಾರದು ಎಂದು ಕೂಸಿಗೂ ಗೊತ್ತು ಎಂಬುದು ಹೊಳೆಯಲೇ ಇಲ್ಲ.

ನಮ್ಮ ಹೆಡ್‌ಮಾಸ್ಟರು ರಂಗಸ್ವಾಮಿಯವರು ಒಳ್ಳೆಯ ಮನುಷ್ಯ. ಒಂದೇ ದೌರ್ಬಲ್ಯ, ಫಾರ್ವರ್ಡ್ ಮಾಡುವುದು. ಫೋನಿಗೆ ಬಂದದ್ದು ಅವರ ಬೆರಳಿನಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮ ಪಟ್ಟಿ ಇನ್ನೂ ತುಂಬುತ್ತಿರುವಾಗಲೇ ಅದರ ಲಿಂಕನ್ನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿ, "ನಮ್ಮ ಮಕ್ಕಳ ಸಂಶೋಧನೆ" ಎಂದು ಬರೆದು ಮೂರು ಕೈಮುಗಿಯುವ ಚಿತ್ರ ಹಾಕಿದರು. ಸಂಜೆಯೊಳಗೆ ಅದು ಊರೆಲ್ಲ ಸುತ್ತಿತು. ಎಲ್ಲ ಹಸುಗಳ ಎದುರಿಗೂ ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಚಂದ್ರಿಯ ಎದುರಿಗೆ ಮಾತ್ರ ದಿನವೂ ಇಪ್ಪತ್ತನಾಲ್ಕು.

ಚಂದ್ರಿ ಚೈತ್ರಳ ಮನೆಯ ಹಸು. ಆ ಇಪ್ಪತ್ತನಾಲ್ಕನ್ನು ಅಳೆದವಳೂ ಚೈತ್ರ, ಪಟ್ಟಿಗೆ ಹಾಕಿಸಿದವಳೂ ಚೈತ್ರ.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಗಲಾಟೆ. ಮುನಿರಾಜುವಿನ ಅಪ್ಪನೇ ಮುಂದೆ ನಿಂತು ಕೂಗಿದನಂತೆ: "ನಾವು ನಿಯತ್ತಾಗಿ ಹಾಕೋದು, ಇವ್ಳು ನೀರು ಹಾಕೋದು, ಎಲ್ಲಾ ಒಂದೇ ಕ್ಯಾನಿಗೆ ಹೋಗೋದಾ?" ಡೈರಿ ಸೆಕ್ರೆಟರಿ ನಾರಾಯಣಪ್ಪ ರತ್ನಮ್ಮನ ಹಾಲು ವಾಪಸು ಕಳಿಸಿದ. ರತ್ನಮ್ಮ ಚೈತ್ರಳ ತಾಯಿ. ಗಂಡ ಲಾರಿ ಓಡಿಸುವವನು, ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಮನೆ ನಡೆಯುತ್ತಿದ್ದದ್ದು ಚಂದ್ರಿಯ ಮೇಲೆ.

ಸುದ್ದಿ ಕೇಳಿ ನಾನು ನೇರ ಡೈರಿಗೆ ಹೋದೆ.

"ಏನಪ್ಪಾ ನಾರಾಯಣಪ್ಪ, ನೀವು ದಿನಾ ಡಿಗ್ರಿ ನೋಡಲ್ವಾ? ನಿಮ್ಮ ಮೀಟರಿನಲ್ಲಿ ಅವರ ಹಾಲು ಎಷ್ಟು ಬರ್ತಿತ್ತು?"

"ಸರಿಯಾಗೇ ಬರ್ತಿತ್ತು ಮೇಡಂ. ಇಪ್ಪತ್ತೆಂಟು."

"ಮತ್ತೆ?"

"ಅದೇನೋ ಸರಿ. ಆದ್ರೆ ಇಂಟರ್‌ನೆಟ್ಟಲ್ಲಿ ಬಂದ್ಬಿಟ್ಟೈತಲ್ಲ ಮೇಡಂ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವರ್ಷಗಟ್ಟಲೆ ತಾನೇ ಕಣ್ಣಾರೆ ನೋಡಿದ್ದಕ್ಕಿಂತ, ಹದಿನಾಲ್ಕರ ಹುಡುಗಿ ಪಟ್ಟಿಗೆ ಹಾಕಿದ ಅಂಕಿ ಅವನಿಗೆ ದೊಡ್ಡದಾಗಿತ್ತು. ಅವನು ದನಿ ತಗ್ಗಿಸಿ ಸೇರಿಸಿದ: "ನಾನು ಸರಿ ಐತೆ ಅಂದ್ರೆ, ನಂಗೂ ಅವ್ಳಿಗೂ ಒಳಒಪ್ಪಂದ ಐತೆ ಅಂತಾವ್ರೆ. ನಾನೂ ಊರಲ್ಲಿ ಬಾಳ್ಬೇಕಲ್ಲ."

ಶಾಲೆಗೆ ಬಂದರೆ ಹೆಡ್‌ಮಾಸ್ಟರು ಬೆವರುತ್ತ ಕೂತಿದ್ದರು. ಮುಂದಿನ ವಾರ ಮೇಲಿನ ಅಧಿಕಾರಿಗಳು ನಮ್ಮ ಪ್ರಾಜೆಕ್ಟ್ ನೋಡಲು ಬರುವವರಿದ್ದರು.

"ಮೇಡಂ, ಆ ಚಂದ್ರಿ ಸಾಲು ಒಂದು ಅಳಿಸಿಬಿಡಿ. ಅಳೆಯೋದರಲ್ಲಿ ತಪ್ಪಾಗಿತ್ತು ಅಂತ ನಾನೇ ಗ್ರೂಪಿಗೆ ಹಾಕ್ತೀನಿ. ಮುಗೀತು."

"ತಪ್ಪಾಗಿತ್ತು ಅಂತ ಹೇಗೆ ಗೊತ್ತು ಸಾರ್?"

"ಗೊತ್ತಿಲ್ಲ. ಗೊತ್ತಾಗೋದು ಯಾಕೆ?"

ಅಳಿಸುವುದು ಒಂದು ಗುಂಡಿ ಒತ್ತುವ ಕೆಲಸ. ನನ್ನ ಬೆರಳು ಅಲ್ಲಿಗೆ ಹೋಗಿಯೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅಳಿಸಿದರೆ ಊರು ಸುಮ್ಮನಾಗುತ್ತಿತ್ತೇ? ಕಳ್ಳತನ ಮುಚ್ಚಿಹಾಕಿದರು ಎನ್ನುತ್ತಿತ್ತು. ಚೈತ್ರ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಅವಳಿಗೆ ನಾನು ಏನು ಹೇಳಲಿ, ಕಷ್ಟ ಬಂದಾಗ ಅಂಕಿ ಅಳಿಸಬೇಕು ಅಂತಲೇ? ಇಷ್ಟರ ಜೊತೆಗೆ ಇನ್ನೊಂದು ಭಯ ಒಳಗೆ ಕೂತಿತ್ತು. ರತ್ನಮ್ಮ ನಿಜವಾಗಿಯೂ ನೀರು ಬೆರೆಸುತ್ತಿದ್ದರೆ? ಡೈರಿಗೆ ಒಳ್ಳೆಯ ಹಾಲು, ಉಳಿದದ್ದಕ್ಕೆ ನೀರು ಹಾಕಿ ಬೇರೆ ಮನೆಗಳಿಗೆ ಮಾರುತ್ತಿದ್ದರೆ? ಅವರನ್ನು ಬಯ್ಯುವಷ್ಟು ಧೈರ್ಯವೂ ನನಗಿರಲಿಲ್ಲ, ನಂಬುವಷ್ಟು ಆಧಾರವೂ ಇರಲಿಲ್ಲ.

ಆ ದಿನ ಚೈತ್ರ ಶಾಲೆಗೆ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಮಧ್ಯಾಹ್ನ ನಾನೇ ಅವರ ಮನೆಗೆ ಹೋದೆ. ರತ್ನಮ್ಮ ಕೊಟ್ಟಿಗೆ ಗುಡಿಸುತ್ತಿದ್ದರು. ಪೊರಕೆ ಕೆಳಗಿಡಲಿಲ್ಲ.

"ಬನ್ನಿ ಮೇಡಂ. ಇನ್ನೇನು ಅಳೀಬೇಕು?"

"ಚೈತ್ರಾನ ಸ್ಕೂಲಿಗೆ ಕಳಿಸಿ ರತ್ನಮ್ಮ."

"ಕಲ್ತಿದ್ದು ಸಾಕು. ನನ್ನ ಮಗಳ ಕೈಯಿಂದ್ಲೇ ನನ್ನ ಬಾಯಿಗೆ ಮಣ್ಣು ಹಾಕ್ಸಿದ್ರಲ್ಲ, ಇದಕ್ಕಿಂತ ಇನ್ನೇನು ಕಲಿಸ್ತೀರ? ಅಕ್ಕನ ಮನೆಗೆ ಕಳಿಸ್ತೀನಿ. ಅಲ್ಲೇ ಗಾರ್ಮೆಂಟ್ಸ್ ಐತೆ, ಹದಿನೆಂಟಾದ್ಮೇಲೆ ಸೇರ್ಕೊಳ್ಲಿ."

ಬಾಗಿಲ ಸಂದಿಯಲ್ಲಿ ಚೈತ್ರಳ ಲಂಗದ ಅಂಚು ಕಾಣುತ್ತಿತ್ತು. ಅವಳು ಹೊರಗೆ ಬರಲಿಲ್ಲ. ನಾನು ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ. ಅಷ್ಟು ವರ್ಷದ ನೌಕರಿಯಲ್ಲಿ ಶಾಲೆಯ ವಿಷಯಕ್ಕೆ ನಾನು ಅತ್ತದ್ದು ಅಪರೂಪ.

ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಮುನಿರಾಜು ನಿಂತಿದ್ದ. ಕೆನ್ನೆ ಊದಿತ್ತು. ಅಪ್ಪನ ಜೊತೆ ವಾದ ಮಾಡಿರಬೇಕು.

"ಮೇಡಂ, ನಾನು ಅನುಮಾನ ಪಡೋನಲ್ವಾ? ಎಲ್ಲಾ ಅಂಕಿ ಮೇಲೂ ಅನುಮಾನ ಪಟ್ಟೆ. ಕಡ್ಡಿ ಮೇಲೆ ಪಡ್ಲೇ ಇಲ್ಲ."

"ಅಂದರೆ?"

"ನೀವು ಹಾಕಿದ್ರಲ್ಲ ಮೂರನೇ ಲಿಂಕು, ಉದ್ದ ಐತೆ ಅಂತ ಯಾರೂ ಓದಿರ್ಲಿಲ್ಲ. ನಿನ್ನೆ ಕಂಪ್ಯೂಟರ್ ರೂಮಲ್ಲಿ ಕೂತು ಓದ್ದೆ. ಬಿಸಿ ಹಾಲು ತೆಳ್ಳಗಿರ್ತದಂತೆ, ಕಡ್ಡಿ ಜಾಸ್ತಿ ಮುಳುಗ್ತದಂತೆ. ಆಗಷ್ಟೇ ಕರೆದ ಹಾಲು ಬಿಸಿ ಅಲ್ವಾ ಮೇಡಂ? ಚೈತ್ರ ದಿನಾ ಅವರ ಮನೇದೇ ಫಸ್ಟ್ ಅಳೀತಿದ್ಲು. ನಮ್ಮನೆಗೆ ಬರೋ ಹೊತ್ತಿಗೆ ನಮ್ಮ ಹಾಲು ತಣ್ಣಗಾಗಿರ್ತಿತ್ತು."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಡೈರಿಯ ಸಾಲಿನಲ್ಲಿ ನಿಂತು ನಿಂತು ರತ್ನಮ್ಮನ ಹಾಲೂ ಆರುತ್ತಿತ್ತು, ಅದಕ್ಕೇ ನಾರಾಯಣಪ್ಪನ ಕಡ್ಡಿಯಲ್ಲಿ ಸರಿ ಬರುತ್ತಿತ್ತು. ಎಲ್ಲ ಹೊಂದುತ್ತಿತ್ತು. ಆದರೆ ಹೊಂದುವುದು ಬೇರೆ, ಸಾಬೀತಾಗುವುದು ಬೇರೆ. ಲ್ಯಾಬಿನಲ್ಲಿ ಪ್ಯಾಕೆಟ್ ಹಾಲು ತರಿಸಿ, ಹಸುವಿನ ಮೈ ಬಿಸಿಯಷ್ಟೇ ಬಿಸಿ ಮಾಡಿ, ಕಡ್ಡಿ ಬಿಟ್ಟೆವು. ಇಪ್ಪತ್ತೊಂಬತ್ತು ಇದ್ದದ್ದು ಇಪ್ಪತ್ತಾರೂವರೆಗೆ ಇಳಿಯಿತು. ಮುನಿರಾಜು ಕುಣಿದ. ನಾನು ಕುಣಿಯಲಿಲ್ಲ. ಚಂದ್ರಿಯ ಹಾಲು ಇಳಿದಿದ್ದದ್ದು ಇಪ್ಪತ್ತನಾಲ್ಕಕ್ಕೆ. ಉಳಿದದ್ದು ಎಲ್ಲಿಗೆ ಹೋಯಿತು? ಆ ಪುಟದ ಕೊನೆಯಲ್ಲಿ, ಕರೆಯುವಾಗ ಹಾಲಿನಲ್ಲಿ ಸೇರುವ ಗಾಳಿಯಿಂದಲೂ ಅಂಕಿ ಸ್ವಲ್ಪ ಇಳಿಯುತ್ತದೆ ಎಂದಿತ್ತು. ಸ್ವಲ್ಪ ಅಂದರೆ ಎಷ್ಟು ಎಂದು ಬರೆದಿರಲಿಲ್ಲ.

ಆ ಸ್ವಲ್ಪವನ್ನು ನಂಬಿಕೊಂಡು ಮತ್ತೆ ರತ್ನಮ್ಮನ ಕೊಟ್ಟಿಗೆಗೆ ಹೋದೆ. ಎಲ್ಲರ ಎದುರಿಗೆ ಒಮ್ಮೆ ಕರೆದು ಅಳೆಯೋಣ ಎಂದೆ. ಡೈರಿಯ ಮುಂದೆ ಮಾಡಬಹುದಿತ್ತು, ಆದರೆ ಜಾಗ ಬದಲಾದರೆ ಚಂದ್ರಿ ಹಾಲು ಇಳಿಸುವುದಿಲ್ಲ ಎಂದು ರತ್ನಮ್ಮ ಹೇಳಿದರು. ಬರುವುದಿದ್ದರೆ ಊರೇ ಇಲ್ಲಿಗೆ ಬರಲಿ ಎಂದರು. ಅಷ್ಟು ಹೊತ್ತಿಗೆ ಚೈತ್ರ ಬಾಗಿಲ ಹಿಂದಿನಿಂದ ಹೊರಗೆ ಬಂದಳು. ಮುಖ ಇಳಿದುಹೋಗಿತ್ತು.

"ಮೇಡಂ, ನಾನೇ ಅಳೀತೀನಿ."

"ಅಳಿ."

"ತಣ್ಣಗಾದ ಮೇಲೂ ಕಮ್ಮಿನೇ ಬಂದ್ರೆ? ಪಟ್ಟಿಗೆ ಹಾಕ್ಬೇಕಾ?"

ಅವಳ ತಾಯಿ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ಬಾಯಿಯ ತುದಿಗೆ ಬಂದಿತ್ತು. "ಹಾಕಬೇಕು" ಅಂದೆ. ಚೈತ್ರ ತಲೆಯಾಡಿಸಿದಳು.

ಸಂಜೆ ಕೊಟ್ಟಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾರಾಯಣಪ್ಪ ತನ್ನ ಕಡ್ಡಿಯನ್ನೂ ತಂದಿದ್ದ. ಮುನಿರಾಜುವಿನ ಅಪ್ಪ ಕೈಕಟ್ಟಿ ಗೋಡೆಗೆ ಒರಗಿದ್ದ. ಹೆಡ್‌ಮಾಸ್ಟರು ಫೋನ್ ತೆಗೆದರು. ನಾನು ಒಂದು ನೋಟ ನೋಡಿದೆ, ಒಳಗಿಟ್ಟರು. ರತ್ನಮ್ಮ ತಂಬಿಗೆ ಬೋರಲು ಹಾಕಿ ತೋರಿಸಿ, ಖಾಲಿ ಬಕೆಟ್ಟನ್ನು ಎಲ್ಲರ ಮುಂದೆ ಒರೆಸಿ, ಕರೆಯಲು ಕೂತರು. ಅಷ್ಟು ಜನರನ್ನು ಕಂಡು ಚಂದ್ರಿ ಮೊದಲು ಕಾಲು ಝಾಡಿಸಿತು. ರತ್ನಮ್ಮ ಅದರ ಹೊಟ್ಟೆಗೆ ಹಣೆಯಿಟ್ಟು ಏನೋ ಗೊಣಗಿದರು. ಆಮೇಲೆ ಹಾಲು ಸೊರ್ರೆಂದು ಬಿತ್ತು.

ನೊರೆ ತುಂಬಿದ ಹಾಲನ್ನು ಚೈತ್ರ ಉದ್ದನೆಯ ಲೋಟಕ್ಕೆ ಬಗ್ಗಿಸಿ ಕಡ್ಡಿ ಬಿಟ್ಟಳು. ಅದು ಮುಳುಗಿತು, ಎದ್ದಿತು, ನಿಂತಿತು.

"ಇಪ್ಪತ್ತನಾಲ್ಕು" ಅಂದಳು. ದನಿ ನಡುಗಲಿಲ್ಲ. ನಾರಾಯಣಪ್ಪ ತನ್ನ ಕಡ್ಡಿ ಬಿಟ್ಟ. ಅದರಲ್ಲೂ ಅಷ್ಟೇ.

"ನೋಡಿದ್ರಾ, ಅದೇ ಇಪ್ಪತ್ತನಾಲ್ಕು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಮುನಿರಾಜುವಿನ ಅಪ್ಪ ತಿರುಗಿ, "ಥೂ ನಿನ್ನ, ಕಣ್ಣು ಕುಲ್ಡಾ? ಈಗ ಎದುರ್ಗೇ ಕರೆದಿದ್ದು ಕಣಯ್ಯಾ. ನೀರು ಎಲ್ಲಿಂದ ಬಂತು?" ಅಂದ. ಅಂದವನು ತಾನು ಯಾರ ಪರವಾಗಿ ಮಾತಾಡಿದೆ ಎಂದು ಹೊಳೆದು ನೆಲ ನೋಡಿದ.

ಬಕೆಟ್ಟನ್ನು ತಣ್ಣೀರಿನ ತೊಟ್ಟಿಯಲ್ಲಿ ಇಳಿಸಿ ಕಾದೆವು. ಆ ಸೀಮೆಯಲ್ಲಿ ಮನೆಗೆ ಬಂದವರಿಗೆ ಒಂದು ಲೋಟ ಕಾಫಿ ಕೊಡದೆ ಕಳಿಸುವವರಿಲ್ಲ. ರತ್ನಮ್ಮ ಯಾರಿಗೂ ಏನೂ ಕೊಡಲಿಲ್ಲ, ಕೂರಿ ಎಂದೂ ಹೇಳಲಿಲ್ಲ. ಹಸುವಿನ ಪಕ್ಕದಲ್ಲಿ ನಿಂತೇ ಇದ್ದರು. ನೊರೆ ಇಳಿದು, ಹಾಲು ಕೈಗೆ ತಣ್ಣಗೆ ಹತ್ತಿದ ಮೇಲೆ ಚೈತ್ರ ಮತ್ತೆ ಕಡ್ಡಿ ಬಿಟ್ಟಳು. ನಾನು ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದೆ.

"ಇಪ್ಪತ್ತೆಂಟು."

ನಾರಾಯಣಪ್ಪ ಬಗ್ಗಿ ನೋಡಿ, "ಇಪ್ಪತ್ತೆಂಟು" ಎಂದು ಗಟ್ಟಿಯಾಗಿ ಹೇಳಿದ. ಯಾರೂ ಕೇಳದೆಯೇ ಬಕೆಟ್ಟನ್ನು ತಾನೇ ಎತ್ತಿ ಕ್ಯಾನಿಗೆ ಸುರಿದು ತನ್ನ ಗಾಡಿಗೆ ಕಟ್ಟಿಕೊಂಡ. ಜನ ಒಬ್ಬೊಬ್ಬರಾಗಿ ಕರಗಿದರು. ಹೆಡ್‌ಮಾಸ್ಟರು ಕೈಮುಗಿದರು, ಈ ಸಲ ನಿಜವಾದ ಕೈಗಳಿಂದ. ಸೋಮವಾರದಿಂದ ಬರ್ತಾಳೆ ಅಂತ ಇಟ್ಕೊಳ್ಳಲಾ ಎಂದು ನಾನು ಕೇಳಿದ್ದಕ್ಕೆ ರತ್ನಮ್ಮ ಹೂಂ ಎಂದರು. ಮುನಿರಾಜು ನನ್ನ ಫೋನಿನಲ್ಲಿ ಪಟ್ಟಿ ತೆಗೆದು, ಚಂದ್ರಿಯ ಇಪ್ಪತ್ತನಾಲ್ಕನ್ನು ಅಳಿಸದೆ, ಪಕ್ಕದಲ್ಲಿ "ಬಿಸಿ" ಎಂದು ಸೇರಿಸಿದ. ಗೆದ್ದೆವು ಎಂದುಕೊಂಡು ಬ್ಯಾಗು ಹೆಗಲಿಗೆ ಹಾಕಿಕೊಂಡೆ.

ಆಗ ರತ್ನಮ್ಮ ಮಗಳ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಊರೋರು ಅಂದಿದ್ದು ಹಾಳಾಗ್ಲಿ. ನೀನು ಅಷ್ಟು ದಿನ ಅಳೆದ್ಯಲ್ಲ, ದಿನಾ ಕಮ್ಮಿ ಬಂತಲ್ಲ. ಒಂದ್ಸಲ ನನ್ನ ಕೇಳ್ಬಾರ್ದಿತ್ತಾ, ಅಮ್ಮ ನೀರು ಹಾಕಿದ್ಯಾ ಅಂತ?"

ಚೈತ್ರ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಕೈ ನಿಂತಿತು.

"ಹಾಕಿದೀನಿ ಅಂದ್ಬಿಟ್ರೆ ಅಂತ ಭಯ ಆಯ್ತಮ್ಮ" ಎಂದಳು. ಅಷ್ಟು ಜನರ ಮುಂದೆ ನಡುಗದ ದನಿ ಈಗ ಒಡೆಯಿತು. ರತ್ನಮ್ಮ ಅವಳನ್ನು ಎಳೆದು ಎದೆಗೆ ಒತ್ತಿಕೊಂಡರು. ಒತ್ತಿಕೊಂಡೇ, ಅವಳ ತಲೆಯ ಮೇಲಿನಿಂದ ನನ್ನ ಕಡೆ ನೋಡಿದರು.

ಆ ಸಂಜೆಗೆ ಮೊದಲೇ ಎರಡು ಸಲ ನಾನು ಆ ಮನೆಗೆ ಬಂದಿದ್ದೆ. ಮಗಳನ್ನು ಕಳಿಸಿ ಎಂದಿದ್ದೆ, ಎಲ್ಲರೆದುರು ಕರೆಯಿರಿ ಎಂದಿದ್ದೆ. ಡೈರಿ ಅವರ ಹಾಲು ಅಳೆಯಿತು, ಊರು ಅಳೆಯಿತು, ಮಗಳು ಅಳೆದಳು, ನಾನು ಲ್ಯಾಬಿನಲ್ಲಿ ಹಾಲು ಕಾಯಿಸಿ ಲೆಕ್ಕ ಹಾಕಿದೆ. ನೀವು ನೀರು ಹಾಕಿದಿರಾ ಎಂದು ರತ್ನಮ್ಮನನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.